ಧಾನ್ಯವಿಲ್ಲದ ಪಿಜ್ಜಾ ಬೇಸ್: ಬೆಂದಿತ್ತು, ಆದರೆ ಒಣಗಿರಲಿಲ್ಲ

ಮೊದಲ ಸಲ ಮಾಡಿದ ಪಿಜ್ಜಾವನ್ನು ನಾವು ಚಮಚದಲ್ಲಿ ತಿಂದೆವು. ಅಂಚು ಚೆನ್ನಾಗಿ ಕಂದು ಬಣ್ಣಕ್ಕೆ ತಿರುಗಿತ್ತು, ಚೀಸ್ ಮೇಲೆ ಗುಳ್ಳೆ ಎದ್ದಿತ್ತು, ಮೇಲಿನಿಂದ ನೋಡಿದರೆ ಫೋಟೋ ತೆಗೆದು ನಾಲ್ಕು ಜನರಿಗೆ ಕಳಿಸುವ ಹಾಗಿತ್ತು, ಕಳಿಸಿಯೂ ಆಗಿತ್ತು. ಆಮೇಲೆ ಚಾಕು ಇಟ್ಟೆ. ನಡುವಿನ ಭಾಗ ಚಾಕುವಿನ ಹಿಂದೆಯೇ ಜಾರಿಕೊಂಡು ಬಂತು. ತಳದ ಕಾಗದ ಬೇಸ್‌ಗೆ ಕಚ್ಚಿಕೊಂಡಿತ್ತು, ಎಳೆದರೆ ಚೂರು ಚೂರಾಗಿ ಹರಿಯುತ್ತಿತ್ತು. ಅಣ್ಣನ ಮಗಳು ತಟ್ಟೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಚಿಕ್ಕಪ್ಪ, ಇದನ್ನ ತಿನ್ನೋದಾ ಕುಡಿಯೋದಾ?" ಅಂದಳು.

ಮಾಡಿದ್ದು ಅತ್ತಿಗೆಗೋಸ್ಕರ. ಅವರು ಧಾನ್ಯ ಬಿಟ್ಟು ಕೆಲವು ತಿಂಗಳಾಗಿತ್ತು. ಯಾಕೆ ಅನ್ನುವುದು ಅವರ ಮತ್ತು ಅವರ ಡಾಕ್ಟರ ನಡುವಿನ ಮಾತು, ಇಲ್ಲಿ ಬೇಡ. ಅವರು ಕೇಳಿದ್ದು ಇಷ್ಟೇ: "ಎಲ್ಲರೂ ಪಿಜ್ಜಾ ತಿನ್ನುವಾಗ ನನಗೊಬ್ಬಳಿಗೆ ಸಲಾಡ್ ಬಟ್ಟಲು ಕೊಡಬೇಡಪ್ಪ." ನ್ಯಾಯವಾದ ಮಾತು. ನಾನೂ ಏನು ಮಹಾ, ಮೈದಾ ಬದಲು ಬೇರೆ ಏನೋ ಹಾಕಿದರಾಯಿತು ಅಂದುಕೊಂಡೆ. ಅಲ್ಲಿಂದ ಐದು ಶನಿವಾರ ಹೋದವು. ಐದರಲ್ಲಿ ಏನಾಯಿತು ಅನ್ನುವುದನ್ನು ಪೂರ್ತಿ ಬರೆದಿಡುತ್ತಿದ್ದೇನೆ, ಯಾಕಂದರೆ ನಾನು ಹುಡುಕಿದಾಗ ಸಿಕ್ಕಿದ್ದೆಲ್ಲ ಗೆದ್ದವರ ಪಾಕವಿಧಾನಗಳೇ. ಸೋತದ್ದು ಯಾಕೆ ಸೋತಿತು ಅಂತ ಯಾರೂ ಹೇಳುವುದಿಲ್ಲ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕಾಯಿತು. ಧಾನ್ಯವಿಲ್ಲದ್ದು ಬೇರೆ, ಗ್ಲುಟೆನ್ (ಗೋಧಿ ಹಿಟ್ಟಿಗೆ ಅಂಟು ಕೊಡುವ ಪ್ರೋಟೀನ್) ಇಲ್ಲದ್ದು ಬೇರೆ. ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ, ಮುಸುಕಿನ ಜೋಳದಲ್ಲೂ ಇಲ್ಲ, ಆದರೆ ಎರಡೂ ಧಾನ್ಯವೇ. ಗೋಧಿ, ಬಾರ್ಲಿ, ಓಟ್ಸ್, ಅಕ್ಕಿ, ಜೋಳ ಎಲ್ಲವೂ ಹುಲ್ಲಿನ ಜಾತಿಯ ಗಿಡಗಳ ಕಾಳು. ಅತ್ತಿಗೆ ಬಿಟ್ಟಿದ್ದು ಇವುಗಳನ್ನು. ಕನ್ನಡದಲ್ಲಿ ದ್ವಿದಳ ಧಾನ್ಯ ಅಂತ ಬೇಳೆಕಾಳನ್ನೂ ಇದೇ ಗುಂಪಿಗೆ ಸೇರಿಸಿಬಿಡುತ್ತೇವೆ, ಹಾಗಾಗಿ ಅದನ್ನೂ ಕೇಳಿಕೊಂಡೆ. ಕಡಲೆ ಹಿಟ್ಟು ನಿಯಮದ ಪ್ರಕಾರ ಆಗುತ್ತಿತ್ತು, ಅವರ ಹೊಟ್ಟೆಗೆ ಆಗುತ್ತಿರಲಿಲ್ಲ. ಸುಲಭದ ದಾರಿಯೊಂದು ಅಲ್ಲೇ ಮುಚ್ಚಿತು.

ಇನ್ನೊಂದು ವಿಷಯ ನನಗೆ ಗೊತ್ತಾದದ್ದು ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರ ಓದಿದಾಗ. ಬೇಕಿಂಗ್ ಪೌಡರ್‌ನಲ್ಲಿ ತೇವ ಹೀರಲು ಪಿಷ್ಟ ಸೇರಿಸಿರುತ್ತಾರೆ, ಬಹಳ ಸಲ ಅದು ಮುಸುಕಿನ ಜೋಳದ ಪಿಷ್ಟ, ಅಂದರೆ ಕಾರ್ನ್‌ಫ್ಲೋರ್. ತುರಿದು ಪ್ಯಾಕ್ ಮಾಡಿದ ಚೀಸ್‌ಗೂ ಎಳೆ ಎಳೆ ಅಂಟದಿರಲಿ ಅಂತ ಏನಾದರೂ ಪುಡಿ ಉದುರಿಸಿರುತ್ತಾರೆ. ಒಮ್ಮೊಮ್ಮೆ ಆಲೂಗಡ್ಡೆ ಪಿಷ್ಟ, ಒಮ್ಮೊಮ್ಮೆ ಸೆಲ್ಯುಲೋಸ್, ಒಮ್ಮೊಮ್ಮೆ ಜೋಳದ್ದು. ಹಿಟ್ಟನ್ನೆಲ್ಲ ಕಷ್ಟಪಟ್ಟು ಬದಲಾಯಿಸಿ ಚಿಟಿಕೆ ಪುಡಿಯಲ್ಲಿ ಧಾನ್ಯವನ್ನು ಒಳಗೆ ಬಿಟ್ಟುಕೊಂಡರೆ ಏನು ಬಂತು? ಅವತ್ತಿನಿಂದ ಬೇಕಿಂಗ್ ಪೌಡರ್ ಬಿಟ್ಟು ಅಡುಗೆ ಸೋಡಾ ಮತ್ತು ವಿನೆಗರ್ ಹಾಕತೊಡಗಿದೆ. ಚೀಸ್ ಗಟ್ಟಿ ತಂದು ನಾನೇ ತುರಿದೆ.

ಈಗ ಮೊದಲ ಶನಿವಾರ. ಮಾಡಿದ್ದು ಹೂಕೋಸಿನ ಬೇಸ್. ಅರ್ಧ ಕಿಲೋ ಹೂಕೋಸನ್ನು ಮಿಕ್ಸಿಯಲ್ಲಿ ತರಿತರಿ ಮಾಡಿ, ಹಬೆಯಲ್ಲಿ ಬೇಯಿಸಿ, ಜರಡಿಯಲ್ಲಿ ಹಾಕಿ ಚಮಚದಿಂದ ಸ್ವಲ್ಪ ಒತ್ತಿ, ಒಂದು ಮೊಟ್ಟೆ, ಒಂದು ಹಿಡಿ ಚೀಸ್, ಉಪ್ಪು ಸೇರಿಸಿ ತಟ್ಟಿದೆ. 200 ಡಿಗ್ರಿಯಲ್ಲಿ 20 ನಿಮಿಷ. ತೆಗೆದು ಸಾಸ್, ತರಕಾರಿ, ಚೀಸ್ ಹಾಕಿ ಮತ್ತೆ 10 ನಿಮಿಷ. ಫಲಿತಾಂಶ ಆಗಲೇ ಹೇಳಿದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಓವನ್ ಸರಿಯಿಲ್ಲ ಅಂದೆ. ಒಳಗೆ ಇಡುವ ಥರ್ಮಾಮೀಟರ್ ತಂದು ನೋಡಿದರೆ ಓವನ್ ಹತ್ತು ಡಿಗ್ರಿ ಆಚೀಚೆ ಸರಿಯಾಗಿಯೇ ಇತ್ತು. ಕಾಗದದ ತಪ್ಪು ಮಾತ್ರ ನಿಜವಾಗಿ ಕಾಗದದ್ದೇ. ಬಟರ್ ಪೇಪರ್ ಅಂತ ನಾವು ಒಂದೇ ಹೆಸರಲ್ಲಿ ಕರೆಯುವುದರಲ್ಲಿ ಎರಡು ಮೂರು ಬಗೆ ಇವೆ. ಸಿಲಿಕೋನ್ ಲೇಪ ಇರುವ ಬೇಕಿಂಗ್ ಪೇಪರ್ ಅಂಟುವುದಿಲ್ಲ. ತಿಂಡಿ ಸುತ್ತಿಕೊಡುವ ಎಣ್ಣೆ ಹೀರದ ಕಾಗದ ಹಸಿ ಹಿಟ್ಟಿಗೆ ಗೋಂದು ಹಾಕಿದ ಹಾಗೆ ಕಚ್ಚಿಕೊಳ್ಳುತ್ತದೆ. ಮೇಣದ ಕಾಗದವನ್ನಂತೂ ಓವನ್ ಹತ್ತಿರ ತರಲೇಬಾರದು, ಮೇಣ ಕರಗುತ್ತದೆ. ನಾನು ಬಳಸಿದ್ದು ಎರಡನೇ ಬಗೆ.

ನಡುವಿನ ಹಸಿಗೆ ಕಾರಣ ಹುಡುಕಲು ಮಾಮೂಲಿ ಪಿಜ್ಜಾ ಹೇಗೆ ನಿಲ್ಲುತ್ತದೆ ಅಂತ ಯೋಚಿಸಬೇಕಾಯಿತು. ಗೋಧಿ ಹಿಟ್ಟಿಗೆ ನೀರು ಬಿದ್ದು ನಾದಿದಾಗ ಅದರಲ್ಲಿರುವ ಗ್ಲಿಯಾಡಿನ್, ಗ್ಲುಟೆನಿನ್ ಅನ್ನುವ ಪ್ರೋಟೀನ್‌ಗಳು ಹೆಣೆದುಕೊಂಡು ಬಲೆ ಆಗುತ್ತವೆ. ಅದೇ ಗ್ಲುಟೆನ್. ಯೀಸ್ಟ್ ಬಿಡುವ ಗಾಳಿಯನ್ನು ಆ ಬಲೆ ಹಿಡಿದಿಡುತ್ತದೆ, ನೀರನ್ನು ಪಿಷ್ಟ ಕುಡಿದುಕೊಳ್ಳುತ್ತದೆ. ಎಲ್ಲರೂ ಬಲೆಯ ಬಗ್ಗೆಯೇ ಮಾತಾಡುತ್ತಾರೆ, ನಾನೂ ಅದನ್ನೇ ನಂಬಿ ಅಂಟು ಸಾಲದು ಅಂತ ಇನ್ನೊಂದು ಮೊಟ್ಟೆ ಹಾಕುವ ಲೆಕ್ಕದಲ್ಲಿದ್ದೆ. ಆದರೆ ನಮ್ಮ ಬೇಸ್ ಬಿಡಿಬಿಡಿಯಾಗಿರಲಿಲ್ಲ, ಒದ್ದೆಯಾಗಿತ್ತು. ಹೂಕೋಸಿನಲ್ಲಿ ಸುಮಾರು 92 ಭಾಗ ನೀರೇ. ನೂರು ಗ್ರಾಂ ಹೂಕೋಸಿನಲ್ಲಿ ನಾನು ಹಿಟ್ಟು ಅಂತ ನಂಬಿಕೊಂಡಿದ್ದು ಎಂಟು ಗ್ರಾಂ! ಅಷ್ಟೊಂದು ನೀರನ್ನು ಕುಡಿಯುವ ಪಿಷ್ಟ ಅಲ್ಲಿ ಇಲ್ಲವೇ ಇಲ್ಲ ಅನ್ನಬೇಕು.

ಮೊಟ್ಟೆಯ ಬಿಳಿ ಸುಮಾರು 62 ಡಿಗ್ರಿಯಲ್ಲೇ ಗಟ್ಟಿಯಾಗಲು ಶುರುವಾಗುತ್ತದೆ, 80 ದಾಟುವಷ್ಟರಲ್ಲಿ ಪೂರ್ತಿ ಕಟ್ಟಿಕೊಂಡಿರುತ್ತದೆ. ಅಂದರೆ ನಮ್ಮ ಪಿಜ್ಜಾದ ನಡುವಿನ ಭಾಗ ಬೆಂದಿತ್ತು. ಹಸಿ ಇರಲಿಲ್ಲ. ಒಣಗಿರಲಿಲ್ಲ ಅಷ್ಟೇ. ನೀರು ಇರುವಷ್ಟು ಹೊತ್ತು ಆ ಜಾಗದ ಬಿಸಿ ನೂರು ಡಿಗ್ರಿ ದಾಟುವುದಿಲ್ಲ, ಓವನ್ 200ರಲ್ಲಿದ್ದರೂ ಅಷ್ಟೇ, 250ರಲ್ಲಿದ್ದರೂ ಅಷ್ಟೇ. ಕಂದು ಬಣ್ಣ, ಹುರಿದ ವಾಸನೆ, ಗರಿಗರಿ ಎಲ್ಲ ಬರುವುದು ಅದಕ್ಕಿಂತ ಎಷ್ಟೋ ಮೇಲೆ, 140ರ ಸುಮಾರಿಗೆ. ಅಂಚಿನಲ್ಲಿ ನೀರು ಬೇಗ ಹಾರಿತು, ಕಂದಾಯಿತು. ನಡುವೆ ಹಾರಲು ದಾರಿಯೇ ಇರಲಿಲ್ಲ, ಮೇಲೆ ಸಾಸಿನ ಮುಚ್ಚಳ, ಕೆಳಗೆ ಕಾಗದ. ಬೇಯುವುದು ಬೇರೆ, ಒಣಗುವುದು ಬೇರೆ. ಇದು ತಲೆಗೆ ಹೋಗಲು ನನಗೆ ಒಂದು ವಾರ ಬೇಕಾಯಿತು.

ಎರಡನೇ ಶನಿವಾರ ಅದೇ ಹೂಕೋಸು, ಆದರೆ ಈ ಸಲ ಹಿಂಡಿದೆ. ಬೇಯಿಸಿ, ತಟ್ಟೆಯಲ್ಲಿ ಹರಡಿ ಕೈ ಸುಡದಷ್ಟು ಆರಲು ಬಿಟ್ಟು, ತೆಳು ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ ತಿರುಚಿದೆ. ಮೊದಲಿಗೆ ಧಾರೆಯಾಗಿ ಬಂತು, ಮೋಡ ಬಣ್ಣದ ನೀರು. ಆಮೇಲೆ ಹನಿ. ಮುಗಿಯಿತು ಅಂದುಕೊಂಡು ಗಂಟು ಬಿಚ್ಚಿ, ಒಳಗಿನದನ್ನು ಉದುರಿಸಿ, ಮತ್ತೆ ಕಟ್ಟಿ ತಿರುಚಿದರೆ ಮತ್ತೆ ಧಾರೆ! ಹೀಗೆ ಮೂರು ಸಲ. ಕೊನೆಗೆ ಕೆಳಗಿಟ್ಟ ಲೋಟ ತುಂಬಿತ್ತು, 200 ಮಿಲಿಗಿಂತ ಜಾಸ್ತಿ. ಬಟ್ಟೆಯಲ್ಲಿ ಉಳಿದದ್ದು ಒದ್ದೆ ಮರಳಿನ ಉಂಡೆ ಥರ, ಮುರಿದರೆ ಸೀಳಿಕೊಳ್ಳುವಷ್ಟು ಒಣ. ಇಷ್ಟೂ ನೀರು ಹೋದ ಶನಿವಾರ ಪಿಜ್ಜಾ ಒಳಗೆ ಕೂತಿತ್ತು. ಈ ಸಲದ ಬೇಸ್ ಗಟ್ಟಿಯಾಗಿ ಬಂತು, ಕೈಯಲ್ಲಿ ಎತ್ತಿ ತಿನ್ನಲೂ ಆಯಿತು. ಹೂಕೋಸಿನ ಬೇಸ್ ಇಷ್ಟಪಡುವವರು ಇಲ್ಲೇ ನಿಲ್ಲಬಹುದು, ಹಿಂಡುವುದರಲ್ಲೇ ಅದರ ಗುಟ್ಟಿದೆ.

ನಾನು ನಿಲ್ಲಲಿಲ್ಲ. ಒಂದು, ಮನೆಯೆಲ್ಲ ಬೆಂದ ಕೋಸಿನ ವಾಸನೆ. ಎರಡು, ಮಣಿಕಟ್ಟು ಎರಡು ದಿನ ನೋವು. ಮೂರು, ಒಂದು ಬೇಸ್‌ಗೆ ಮುಕ್ಕಾಲು ಗಂಟೆ ಹಿಂಡಾಟ ಆದರೆ ಇದನ್ನು ಸರಳ ಅಂತ ಯಾರು ಕರೆಯುತ್ತಾರೆ? ಬರೆಯುವವರು ಸುಲಭ ಅಂತ ಬರೆಯುತ್ತಾರೆ, ಹಿಂಡುವವರು ಬೇರೆ ಇರಬೇಕು.

ಮೂರನೇ ವಾರ ಬಾದಾಮಿ ಪುಡಿ. ಸಿಪ್ಪೆ ತೆಗೆದ ಬಾದಾಮಿಯ ನಯವಾದ ಪುಡಿ 150 ಗ್ರಾಂ, ಒಂದು ಮೊಟ್ಟೆ, ಒಂದು ದೊಡ್ಡ ಚಮಚ ಎಣ್ಣೆ. ಕಲಸಲು ಎರಡು ನಿಮಿಷ. ಲಟ್ಟಿಸಲು ಸುಲಭ. ಓವನ್‌ನಿಂದ ಬಂದ ವಾಸನೆಗೆ ಎಲ್ಲರೂ ಅಡುಗೆಮನೆಗೆ ಬಂದರು. ಆದರೆ ಬಾಯಿಗೆ ಇಟ್ಟರೆ ಬಿಸ್ಕತ್ತು! ತುಂಡು ಎತ್ತಿದ ಕೂಡಲೇ ತುದಿ ಮುರಿದು ಬಿತ್ತು, ಮೇಲಿನ ಚೀಸ್ ಒಂದೇ ಅದನ್ನು ಹಿಡಿದುಕೊಂಡಿತ್ತು. ಕಾರಣ ಸ್ಪಷ್ಟ. ಬಾದಾಮಿಯಲ್ಲಿ ಹತ್ತಿರ ಹತ್ತಿರ ಅರ್ಧ ತೂಕ ಎಣ್ಣೆ, ಮೈದಾದಲ್ಲಿ ನೂರಕ್ಕೆ ಒಂದೋ ಎರಡೋ ಗ್ರಾಂ. ಪಿಷ್ಟ ಬಹಳ ಕಡಿಮೆ. ಎಣ್ಣೆ ಇರುವ ಕಡೆ ಎಳೆ ಕಟ್ಟುವುದಿಲ್ಲ, ಪುಡಿಯಾಗುತ್ತದೆ. ಅದರ ಮೇಲೆ ನಾನು ಇನ್ನೊಂದು ಚಮಚ ಎಣ್ಣೆ ಬೇರೆ ಸುರಿದಿದ್ದೆ. ಹೂಕೋಸಿನಲ್ಲಿ ನೀರು ಜಾಸ್ತಿಯಾಗಿ ಸೋತೆ, ಇಲ್ಲಿ ನೀರು ಹಿಡಿಯುವ ವಸ್ತುವೇ ಇಲ್ಲದೆ ಸೋತೆ.

ಹಾಗಾದರೆ ಬೇಕಾದದ್ದು ನೀರು ಕುಡಿದು ಜಗಿಯುವ ಹಾಗೆ ಆಗುವ ಒಂದು ವಸ್ತು, ಅದೂ ಧಾನ್ಯ ಅಲ್ಲದ್ದು. ಎರಡು ಸಿಕ್ಕವು. ಒಂದು ಮರಗೆಣಸಿನ ಪಿಷ್ಟ, ಟ್ಯಾಪಿಯೋಕಾ ಸ್ಟಾರ್ಚ್ ಅಂತ ಬರುತ್ತದಲ್ಲ ಅದು. ಮರಗೆಣಸು ಗೆಡ್ಡೆ, ಧಾನ್ಯ ಅಲ್ಲ. ಅದರ ಪಿಷ್ಟ 65 ಡಿಗ್ರಿ ಆಸುಪಾಸಿನಲ್ಲಿ ನೀರು ಕುಡಿದು ಉಬ್ಬಿ ಅಂಟಂಟಾಗುತ್ತದೆ. ಜಗಿತ ಬರುವುದು ಇದರಿಂದ. ಮರಗೆಣಸಿನ ಹಿಟ್ಟು ಅಂತಲೂ ಸಿಗುತ್ತದೆ, ಅದು ಇಡೀ ಗೆಡ್ಡೆ ಒಣಗಿಸಿ ಬೀಸಿದ್ದು, ನಾರು ಸಮೇತ. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಅಳತೆ ಕೆಡುತ್ತದೆ. ಎರಡನೆಯದು ಇಸಬ್‌ಗೋಲ್. ಹೌದು, ಹೊಟ್ಟೆ ಸರಿಯಿಲ್ಲದಾಗ ಕುಡಿಯುತ್ತಾರಲ್ಲ ಅದೇ. ನೀರು ಬಿದ್ದರೆ ಲೋಳೆಯಾಗಿ ಹಿಟ್ಟನ್ನು ಹಿಡಿದಿಡುತ್ತದೆ, ಲಟ್ಟಿಸುವಾಗ ಅಂಚು ಸೀಳುವುದಿಲ್ಲ. ಅಂಗಡಿಯಿಂದ ತರುವಾಗ ಸಕ್ಕರೆ, ಹಣ್ಣಿನ ಸ್ವಾದ ಬೆರೆಸಿದ್ದು ಅಲ್ಲ ತಾನೇ ಅಂತ ನೋಡಿಕೊಳ್ಳಿ. ಕಿತ್ತಳೆ ರುಚಿಯ ಪಿಜ್ಜಾ ಯಾರಿಗೂ ಬೇಡ.

ನಾಲ್ಕನೇ ವಾರದ ಅಳತೆ ಇದು, ಇವತ್ತಿಗೂ ಇದೇ ನಡೆಯುತ್ತಿದೆ. ಬಾದಾಮಿ ಪುಡಿ 100 ಗ್ರಾಂ, ಮರಗೆಣಸಿನ ಪಿಷ್ಟ 50 ಗ್ರಾಂ, ಇಸಬ್‌ಗೋಲ್ 5 ಗ್ರಾಂ ಅಂದರೆ ಒಂದು ದೊಡ್ಡ ಚಮಚ, ಉಪ್ಪು ಅರ್ಧ ಚಿಕ್ಕ ಚಮಚ, ಅಡುಗೆ ಸೋಡಾ ಕಾಲು ಚಿಕ್ಕ ಚಮಚ. ಇಷ್ಟನ್ನು ಒಣದಾಗಿಯೇ ಚೆನ್ನಾಗಿ ಬೆರೆಸಬೇಕು, ಇಲ್ಲದಿದ್ದರೆ ಇಸಬ್‌ಗೋಲ್ ಗಂಟು ಗಂಟಾಗುತ್ತದೆ. ಇದಕ್ಕೆ ಒಂದು ಮೊಟ್ಟೆ, ಒಂದು ಚಿಕ್ಕ ಚಮಚ ವಿನೆಗರ್, ಎರಡು ದೊಡ್ಡ ಚಮಚ ನೀರು. ಎಣ್ಣೆ ಬೇಡ, ಬಾದಾಮಿಯದೇ ಸಾಕು. ತೂಕದ ತಕ್ಕಡಿ ಇದ್ದರೆ ಅದನ್ನೇ ಬಳಸಿ, ಬಾದಾಮಿ ಪುಡಿಯನ್ನು ಕಪ್‌ನಲ್ಲಿ ಒತ್ತಿ ತುಂಬಿದ್ದಕ್ಕೂ ಸುಮ್ನೆ ತುಂಬಿದ್ದಕ್ಕೂ ಬಹಳ ವ್ಯತ್ಯಾಸ.

ಕಲಸಿದ ಕೂಡಲೇ ಅದು ಹಿಟ್ಟಿನ ಹಾಗೆ ಕಾಣುವುದಿಲ್ಲ, ಬೆರಳಿಗೆಲ್ಲ ಮೆತ್ತುವ ಗಂಜಿ ಥರ ಇರುತ್ತದೆ. ಇಲ್ಲಿಯೇ ಎಲ್ಲರೂ ಗಾಬರಿಯಾಗಿ ಇನ್ನಷ್ಟು ಪುಡಿ ಸುರಿಯುವುದು. ಸುರಿಯಬೇಡಿ. ಮುಚ್ಚಿಟ್ಟು ಹತ್ತು ನಿಮಿಷ ಬೇರೆ ಕೆಲಸ ನೋಡಿ. ಅಷ್ಟರಲ್ಲಿ ಇಸಬ್‌ಗೋಲ್ ನೀರನ್ನು ಕುಡಿದು ಅದೇ ಗಂಜಿ ಮೆದು ಉಂಡೆಯಾಗಿರುತ್ತದೆ, ಬೆರಳಿಂದ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತದೆ. ಎರಡು ಬೇಕಿಂಗ್ ಪೇಪರ್ ನಡುವೆ ಇಟ್ಟು ಲಟ್ಟಿಸಿದರೆ ಸುಮಾರು 25 ಸೆಂಟಿಮೀಟರ್ ಅಗಲ, ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ ದಪ್ಪ. ನಡುವೆ ದಪ್ಪ ಉಳಿಯದ ಹಾಗೆ ನೋಡಿಕೊಳ್ಳಬೇಕು. ಕೈ ತಾನಾಗಿ ಅಂಚಿನ ಕಡೆ ಒತ್ತುತ್ತದೆ, ನಡುವೆ ಗುಡ್ಡ ಉಳಿಯುತ್ತದೆ.

ಓವನ್ 200 ಡಿಗ್ರಿ, ಟ್ರೇಯನ್ನೂ ಒಳಗಿಟ್ಟೇ ಕಾಯಿಸುವುದು. ಬೇಸನ್ನು ಕಾಗದದ ಸಮೇತ ಬಿಸಿ ಟ್ರೇ ಮೇಲೆ ಜಾರಿಸಿದಾಗ ತಳಕ್ಕೆ ಕೂಡಲೇ ಶಾಖ ತಗಲುತ್ತದೆ. ಮೇಲೆ ಏನೂ ಇಲ್ಲದೆ 12 ನಿಮಿಷ. ಆಮೇಲೆ ತಿರುವಿ ಹಾಕಿ, ಕಾಗದ ಸುಲಿದು ತೆಗೆದು, ತಳವೇ ಮೇಲಾಗಿ ಇನ್ನು 4 ನಿಮಿಷ. ಹೀಗೆ ತಿರುವಿ ಹಾಕುವುದನ್ನು ಪಾಕವಿಧಾನಗಳಲ್ಲಿ ಬೇಕಾದರೆ ಮಾಡಿ ಅಂತ ಬರೆದಿರುತ್ತಾರೆ. ನನ್ನ ಮಟ್ಟಿಗೆ ಬೇಕಾದರೆ ಅಲ್ಲ, ಮಾಡಲೇಬೇಕು. ಕಾಗದದ ಕೆಳಗೆ ಸಿಕ್ಕಿಕೊಂಡ ಹಬೆ ಹೊರಗೆ ಬರುವುದು ಆಗಲೇ. ತಿರುವಿದಾಗ ತಳದ ನಡುವೆ ಅಂಗೈಯಗಲ ಬಿಳಿಚಿಕೊಂಡ ಮಚ್ಚೆ ಕಂಡಿತು. ಅದೇ ಜಾಗ, ಮೊದಲ ವಾರ ಚಮಚ ಬೇಕಾದದ್ದು. ನಾಲ್ಕು ನಿಮಿಷದಲ್ಲಿ ಅದೂ ಬಣ್ಣ ಹಿಡಿಯಿತು. ಉಗುರಿಂದ ತಟ್ಟಿದರೆ ಟಕ್ ಟಕ್ ಅನ್ನಬೇಕು, ಥಪ್ ಅಂದರೆ ಇನ್ನೂ ನೀರಿದೆ.

ಇಷ್ಟಾದ ಮೇಲೆ ಗೆದ್ದೆ ಅಂದುಕೊಂಡು ಸಾಸ್ ಹಾಕಿದೆ ನೋಡಿ, ಮತ್ತೆ ನಡುವೆ ಮೆತ್ತಗೆ!

ನಾಲ್ಕು ವಾರ ಬೇಸ್‌ನ ನೀರಿನ ಜೊತೆ ಹೊಡೆದಾಡಿದವನು ಮೇಲಿನಿಂದ ನೀರು ಸುರಿಯುತ್ತಿದ್ದೇನೆ ಅನ್ನುವುದನ್ನೇ ಮರೆತಿದ್ದೆ. ಟೊಮೇಟೊದಲ್ಲಿ ಸುಮಾರು 95 ಭಾಗ ನೀರು, ಅಣಬೆಯಲ್ಲಿ 92. ಉಪ್ಪುನೀರಿನಲ್ಲಿ ತೇಲುವ ತಾಜಾ ಮೊಝರೆಲ್ಲಾ ಚೆಂಡು ಬಿಸಿ ತಗಲಿದ ಕೂಡಲೇ ನೀರು ಬಿಡುತ್ತದೆ. ಗೋಧಿಯ ಬೇಸ್ ಇದನ್ನೆಲ್ಲ ಒಂದಷ್ಟು ತಡೆದುಕೊಳ್ಳುತ್ತದೆ, ಅದರಲ್ಲೂ ನೇಪಲ್ಸ್‌ನ ಸಾಂಪ್ರದಾಯಿಕ ಸೌದೆ ಒಲೆಯಲ್ಲಿ 400 ಡಿಗ್ರಿ ಮೀರಿದ ಬಿಸಿಗೆ ಒಂದು ಒಂದೂವರೆ ನಿಮಿಷದಲ್ಲಿ ಪಿಜ್ಜಾ ಮುಗಿದೇ ಹೋಗುತ್ತದೆ, ಸಾಸ್ ಇಳಿಯಲು ಪುರುಸೊತ್ತೇ ಇಲ್ಲ. ಮನೆಯ ಓವನ್‌ನಲ್ಲಿ ಎಂಟು ನಿಮಿಷ ಬೇಕು, ಅಷ್ಟರಲ್ಲಿ ಎಲ್ಲ ಒಳಗೆ ಇಳಿದಿರುತ್ತದೆ.

ಐದನೇ ವಾರ ಬೇಸನ್ನು ಮುಟ್ಟಲಿಲ್ಲ, ಮೇಲಿನದನ್ನು ಮಾತ್ರ ಬದಲಾಯಿಸಿದೆ. ಸಾಸನ್ನು ಬಾಣಲೆಯಲ್ಲಿ ಕುದಿಸಿ, ಚಮಚದಿಂದ ಗೀರಿದರೆ ತಳ ಕಾಣಿಸಿ ಗೀರು ಒಂದೆರಡು ಕ್ಷಣ ಹಾಗೇ ಉಳಿಯುವಷ್ಟು ಗಟ್ಟಿ ಮಾಡಿದೆ. ಅಣಬೆಯನ್ನು ಒಣ ಬಾಣಲೆಯಲ್ಲಿ ನೀರು ಬಿಟ್ಟು ಬತ್ತುವ ತನಕ ಹುರಿದೆ. ಚೀಸ್ ನೀರಿನಂಶ ಕಡಿಮೆ ಇರುವ ಗಟ್ಟಿ ಮೊಝರೆಲ್ಲಾ. ಅದರಲ್ಲೂ ಸ್ವಲ್ಪ ತುರಿಯನ್ನು ಮೊದಲು ಬೇಸ್ ಮೇಲೆ ತೆಳ್ಳಗೆ ಉದುರಿಸಿ, ಅದರ ಮೇಲೆ ಸಾಸ್, ಮತ್ತೆ ಚೀಸ್. ಕೆಳಗಿನ ಚೀಸ್ ಕರಗಿ ಕೊಬ್ಬಿನ ಪದರವಾಗಿ ಸಾಸ್ ಇಳಿಯದ ಹಾಗೆ ತಡೆಯುತ್ತದೆ. 220 ಡಿಗ್ರಿಯಲ್ಲಿ 7 ನಿಮಿಷ. ತೆಗೆದ ಮೇಲೆ ತಟ್ಟೆಗೆ ಹಾಕದೆ ಜಾಲರಿ ಮೇಲೆ ಮೂರು ನಿಮಿಷ ಬಿಟ್ಟೆ, ತಟ್ಟೆಯಲ್ಲಿಟ್ಟರೆ ತಳದ ಹಬೆ ಅಲ್ಲೇ ನೀರಾಗಿ ಅಷ್ಟೂ ಕಷ್ಟ ದಂಡ.

ಪರೀಕ್ಷೆ ಮಾಡಿದ್ದು ಅಣ್ಣನ ಮಗಳು. ತುಂಡನ್ನು ಅಂಚಿನಲ್ಲಿ ಮಾತ್ರ ಹಿಡಿದು, ಕೈ ಚಾಚಿ ಒಂದು, ಎರಡು, ಮೂರು ಅಂತ ಎಣಿಸಿದಳು. ತುದಿ ಒಂಚೂರು ಬಾಗಿತು, ಬೀಳಲಿಲ್ಲ. ಅತ್ತಿಗೆ ಏನೂ ಹೇಳಲಿಲ್ಲ, ಎರಡನೇ ತುಂಡಿಗೆ ಕೈ ಹಾಕಿದರು. ಅಣ್ಣ ತನ್ನ ಗೋಧಿ ಪಿಜ್ಜಾ ಬಿಟ್ಟು ಇದರಲ್ಲಿ ಒಂದು ತುಂಡು ಕದ್ದ. ಅಲ್ಲಿಗೆ ಒಂದೇ ಬೇಸ್ ಸಾಲದಾಯಿತು.

ಬದಲಿ ಕೇಳುವವರಿಗೆ ನಾನು ಮಾಡಿ ನೋಡಿದ್ದಷ್ಟು ಹೇಳುತ್ತೇನೆ. ಬಾದಾಮಿ ಬದಲು ಅಷ್ಟೇ ತೂಕದ ತೆಂಗಿನ ಹಿಟ್ಟು ಹಾಕಬೇಡಿ, ಅದು ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ, ಲಟ್ಟಣಿಗೆಯ ಕೆಳಗೆ ಮರಳಾಗುತ್ತದೆ. ಬಾದಾಮಿಯಂಥ ನಟ್ಸ್ ಅಲರ್ಜಿ ಇರುವ ಅತಿಥಿಗಾಗಿ ಒಮ್ಮೆ ಸೂರ್ಯಕಾಂತಿ ಬೀಜದ ಪುಡಿ ಹಾಕಿದೆ, ಬೇಸ್ ಚೆನ್ನಾಗಿಯೇ ಬಂತು, ಆರಿದ ಮೇಲೆ ಒಳಗೆಲ್ಲ ಹಸಿರು! ಹಾಳಾಗಿಲ್ಲ. ಆ ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲ ಸೋಡಾದ ಜೊತೆ ಸೇರಿ ಬರುವ ಬಣ್ಣ ಅದು, ತಿನ್ನಬಹುದು. ಮುಂದಿನ ಸಲ ಸೋಡಾ ಕಡಿಮೆ ಮಾಡಿ ವಿನೆಗರ್ ಸ್ವಲ್ಪ ಏರಿಸಿದೆ, ಹಸಿರು ತಗ್ಗಿತು. ಗ್ಲುಟೆನ್ ಮುಟ್ಟಲೇಬಾರದವರಿಗೆ ಮಾಡುವಾಗ ಮಾತ್ರ ಇನ್ನೊಂದು ಎಚ್ಚರ ಬೇಕು. ಪಕ್ಕದಲ್ಲೇ ಮೈದಾ ಲಟ್ಟಿಸಿದ ಮಣೆ, ಅದೇ ಲಟ್ಟಣಿಗೆ ಬಳಸಿದರೆ ಬೇಸ್ ಎಷ್ಟು ಶುದ್ಧವಾಗಿದ್ದರೂ ಉಪಯೋಗವಿಲ್ಲ.

ಬಗೆಹರಿಯದೆ ಉಳಿದದ್ದು ಅಂಚು. ಗೋಧಿ ಪಿಜ್ಜಾದ ಆ ಉಬ್ಬಿದ, ಒಳಗೆ ತೂತು ತೂತಾದ ಅಂಚು ಇದಕ್ಕೆ ಬರುವುದಿಲ್ಲ. ಯೀಸ್ಟ್ ಹಾಕಿ ಒಂದು ಗಂಟೆ ಬೆಚ್ಚಗೆ ಇಟ್ಟೂ ನೋಡಿದೆ. ಯೀಸ್ಟ್ ತನ್ನ ಕೆಲಸ ಮಾಡಿತು, ಗಾಳಿ ಬಿಟ್ಟಿತು, ಹಿಡಿದಿಡುವ ಬಲೆ ಇಲ್ಲದ್ದರಿಂದ ಅದು ಹಾಗೇ ಹೊರಟು ಹೋಯಿತು. ಬ್ರೆಡ್ಡಿನ ವಾಸನೆ ಮಾತ್ರ ಉಳಿಯಿತು, ಅದು ಅತ್ತಿಗೆಗೆ ಇಷ್ಟವಾಯಿತು ಅಂತ ಈಗಲೂ ಅರ್ಧ ಚಮಚ ಹಾಕುತ್ತೇನೆ. ಈಗ ಶುಕ್ರವಾರ ರಾತ್ರಿಯೇ ನಾಲ್ಕು ಬೇಸ್ ಸುಟ್ಟು, ಪೂರ್ತಿ ಆರಿಸಿ, ನಡುವೆ ಕಾಗದ ಹಾಕಿ ಫ್ರೀಜರಿಗೆ ಸೇರಿಸುತ್ತೇನೆ. ಶನಿವಾರ ಕರಗಿಸುವ ಗೋಜಿಗೆ ಹೋಗುವುದಿಲ್ಲ, ಹೊರಗಿಟ್ಟರೆ ಮೈಯೆಲ್ಲ ಬೆವರಿ ಮತ್ತೆ ನೀರು. ನೇರ ಬಿಸಿ ಟ್ರೇ ಮೇಲೆ, ಮೂರು ನಿಮಿಷ ಬರಿದೇ, ಆಮೇಲೆ ಸಾಸ್.